ಪರದೆ ಕಪ್ಪಾದರೆ ಅಳಿಸಬೇಡಿ

ತೆಲಂಗಾಣ ಗಡಿಯ ನಮ್ಮ ಯಾಲಾಲಿನಲ್ಲಿ ಮಾತಿಗೆ ಕೂತರೆ ತೊಗರಿಯಿಂದ ಶುರು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕ ಹೆಮ್ಮೆ ಮುಗಿಯುವಷ್ಟರಲ್ಲಿ ಕಲ್ಲಿನ ಗಣಿ, ಅದಾದ ಮೇಲೆ ಮಕ್ಕಳ ಓದು. ಅಲ್ಲಿಗೆ ಬಂದಾಗ ಓಣಿಯ ಹುಡುಗನೊಬ್ಬ ಬಾಯಿ ಹಾಕಿದ: “ಕಾಕಾ, ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದೆ. ಅಪ್‌ಡೇಟ್ ಮಾಡಿದ ಮ್ಯಾಲ ಸ್ಕ್ರೀನ್ ಕರ್ರಗಾಗ್ಯಾದ. ಎಲ್ಲಾ ಅಳಿಸಿ ಮತ್ತ ಹಾಕ್ಲೇನು?”

ಬ್ಯಾಡಪ್ಪ. ಕಂಟ್ರೋಲ್, ಆಲ್ಟ್ ಜೊತೆ ಎಫ್3 ಒತ್ತಿ ನೋಡು. ಹೆಸರು ಕೇಳುವ ಸಾಲು ಬಂತೋ, ಒಳಗಿನದೆಲ್ಲ ಗಟ್ಟಿಯಾಗಿದೆ. ಕೆಟ್ಟಿರುವುದು ಚಿತ್ರ ಮೂಡಿಸುವ ದಾರಿ ಮಾತ್ರ. ಅದೂ ಬರದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸು. ಆ ಒಂದು ಸಲಕ್ಕೆ ಸಾದಾ ಚಿತ್ರವಾದರೂ ಬಂದೀತು. ಆಮೇಲೆ ‘ಎಲ್‌ಎಸ್‌ಪಿಸಿಐ -ಕೆ’ ಎಂದು ಕೇಳಿದರೆ ಯಾವ ಗ್ರಾಫಿಕ್ಸ್ ಕಾರ್ಡಿದೆ, ಅದನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂದು ಕಂಪ್ಯೂಟರೇ ಹೇಳುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾದಾಗ ಹೊರಗಿನಿಂದ ಹಾಕಿದ ಡ್ರೈವರನ್ನೂ ಅದಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿಯಿಲ್ಲದ ಡ್ರೈವರಿಗೆ ಒಳಗೆ ಪ್ರವೇಶವೇ ಇಲ್ಲ. ಈ ಕಾರಣ ಹಾಗೇ ಉಳಿದರೆ ಎಷ್ಟು ಸಲ ಅಳಿಸಿ ಹಾಕಿದರೂ ಮುಂದಿನ ಅಪ್‌ಡೇಟಿಗೆ ಮತ್ತದೇ ಕತ್ತಲೆ.

ಹೊರಗಿನಿಂದ ಯಾಕೆ ಹಾಕಬೇಕು ಎಂದು ಹುಡುಗ ಕೇಳಿದ್ದು ಸರಿಯಾಗಿಯೇ ಇತ್ತು. ಇಂಟೆಲ್, ಎಎಂಡಿ ಕಾರ್ಡುಗಳ ಡ್ರೈವರ್ ಕರ್ನಲ್ ಒಳಗೇ ಇದೆ. ಎನ್‌ವಿಡಿಯಾ ತನ್ನದನ್ನು ಬಹಳ ಕಾಲ ಮುಚ್ಚಿಟ್ಟಿತು; ಅದಕ್ಕೇ ಅದನ್ನು ಹೊರಗಿನಿಂದ ಹಾಕಬೇಕು. ಕಾರ್ಡು ಹೇಗೆ ನಡೆದುಕೊಳ್ಳುತ್ತದೆಂದು ಹೊರಗೆ ನಿಂತೇ ನೋಡಿ ನೋಡಿ, ಆಸಕ್ತರು ‘ನೂವೋ’ ಎಂಬ ಮುಕ್ತ ಡ್ರೈವರ್ ಬರೆದರು. 2012ರಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನ ಸಭೆಯಲ್ಲಿ ಈ ಕಂಪನಿಯ ಮೇಲಿನ ಸಿಟ್ಟನ್ನು ವೇದಿಕೆಯಲ್ಲೇ ತೋರಿಸಿದರು. 2022ರ ಮೇ ತಿಂಗಳಲ್ಲಿ ಕಂಪನಿ ಹೊಸ ಕಾರ್ಡುಗಳ ಕರ್ನಲ್ ಭಾಗದ ಮೂಲಬರಹವನ್ನು ತೆರೆದಿಟ್ಟಿತು. ಹಳೇ ಕಾರ್ಡಿಗೆ ಆ ಭಾಗ್ಯವಿಲ್ಲ. ನಮ್ಮಂಥ ಊರುಗಳಿಗೆ ಬಂದು ಸೇರುವುದು ಹೆಚ್ಚಾಗಿ ಹಳೇ ಕಾರ್ಡೇ.

ಆದರೂ ಲಿನಕ್ಸ್ ಬಿಡು ಎಂದು ಆ ಹುಡುಗನಿಗೆ ನಾನು ಹೇಳಲಾರೆ. ಇನ್ನೊಂದು ಗಡಿಯಾದ ಕಾಸರಗೋಡಿನಲ್ಲಿ, ಕೇರಳದ ಸರ್ಕಾರಿ ಶಾಲೆಗಳ ಕನ್ನಡ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಯಂತ್ರ ಏನು ಹೇಳುತ್ತಿದೆ ಎಂದು ಓದಿ ತಿಳಿಯುವ ಹಕ್ಕು ಅದರಲ್ಲಿದೆ. ಹಣ ಕೊಟ್ಟು ಹೊಸದು ಕೊಳ್ಳಲಾಗದ ಮನೆಯ ಮಗುವಿಗೆ ಆ ಹಕ್ಕು ಎಲ್ಲರಿಗಿಂತ ಹೆಚ್ಚು ಬೇಕು.