ಬಾತ ಬೆರಳು, ಬತ್ತದ ಕಾಯಕ

ಶರಣರು ದೇಹವನ್ನು ಎಂದೂ ತಿರಸ್ಕರಿಸಿದವರಲ್ಲ. ದುಡಿಮೆಗೂ ಪೂಜೆಗೂ ಈ ಕಾಯವೇ ಆಶ್ರಯವೆಂದು ಅವರು ಬಗೆದರು. ಅದರಲ್ಲಿಯೂ ಅಂಗೈಯ ಹಿರಿಮೆ ದೊಡ್ಡದು. ಇಷ್ಟಲಿಂಗಕ್ಕೆ ಎಡಗೈಯೇ ಪೀಠ, ಬಲಗೈಯೇ ಸೇವಕ. ಅನ್ನ ದುಡಿಯುವುದೂ ಆ ಕೈಗಳೇ, ದಾಸೋಹ ನೀಡುವುದೂ ಆ ಕೈಗಳೇ. ಅಂತಹ ಕೈಗಳು ಮುಚ್ಚಲೂ ಬಾರದೆ, ತೆರೆಯಲೂ ಬಾರದೆ ನಿಂತುಬಿಟ್ಟರೆ ಭಕ್ತರಾದವರು ಏನು ಮಾಡಬೇಕು? ಗದಗ ಸೀಮೆಯ ಒಬ್ಬ ತಾಯಿಯ ಪಾಲಿಗೆ ಇದು ಪ್ರತಿದಿನ ಬೆಳಗಿನ ಪ್ರಶ್ನೆಯಾಗಿತ್ತು.

ಆ ತಾಯಿಯದು ರೊಟ್ಟಿಯ ಕಾಯಕ. ಖಾನಾವಳಿಗಳಿಗೂ ಮದುವೆಯ ಮನೆಗಳಿಗೂ ಜೋಳದ ರೊಟ್ಟಿ ಬಡಿದುಕೊಟ್ಟು ಇಬ್ಬರು ಮಕ್ಕಳನ್ನು ಓದಿಸಿದವರು. 2016ರ ಚಳಿಗಾಲದಲ್ಲಿ, ಅವರಿಗೆ 43 ವರ್ಷ ತುಂಬಿದಾಗ, ಬೆಳಿಗ್ಗೆ ಎದ್ದೊಡನೆ ಕೈಬೆರಳುಗಳು ಮರದ ತುಂಡಿನಂತೆ ಬಿಗಿದುಕೊಳ್ಳತೊಡಗಿದವು. ಹಿಟ್ಟು ನಾದಲು ಕೂತರೆ ಬೆರಳು ಮಡಚುತ್ತಿರಲಿಲ್ಲ. ಬಿಸಿಲೇರಿದ ಮೇಲೆಯೇ ಕೈ ಸ್ವಲ್ಪ ಸಡಿಲಾಗುತ್ತಿತ್ತು. ಎರಡೂ ಕೈಗಳ ಬೆರಳ ಬುಡದ ಗೆಣ್ಣುಗಳು, ಎರಡೂ ಮಣಿಕಟ್ಟುಗಳು ಒಂದೇ ರೀತಿಯಲ್ಲಿ ಬಾತಿದ್ದವು.

“ಯವ್ವಾ, ಕೈ ಯಾಕ ಹಿಂಗ ಬಾತಾವು?” ಎಂದು ಮಗಳು ಕೇಳಿದಳು.

“ರೊಟ್ಟಿ ಬಡಿಯೋ ಕೈಗೆ ಬಾವು ಬರಲಾರದ ಇರತದೇನ? ಎರಡ ದಿನದಾಗ ಇಳಿತದ ಬಿಡು” ಎಂದರು ತಾಯಿ.

ಎರಡು ದಿನ ಎರಡು ತಿಂಗಳಾಯಿತು. ಎಣ್ಣೆ ತಿಕ್ಕಿದರು, ಉಪ್ಪಿನ ಶಾಖ ಕೊಟ್ಟರು, ಬದನೆಕಾಯಿ ಬಿಟ್ಟರು, ಮೊಸರು ಬಿಟ್ಟರು. ಕೊನೆಗೆ ಯಾರೋ ಹೇಳಿದರೆಂದು ನೆರೆಯೂರಿನಲ್ಲಿ ಒಬ್ಬರು ಕೊಡುತ್ತಿದ್ದ ಪುಡಿಯ ಪೊಟ್ಟಣ ತಂದರು. ಮೂರನೆಯ ದಿನಕ್ಕೇ ನೋವು ಮಾಯವಾಯಿತು. ಮನೆಯವರೆಲ್ಲ ಅದನ್ನು ಪವಾಡವೆಂದೇ ನಂಬಿದರು. ಆದರೆ ಎಂಟು ತಿಂಗಳಲ್ಲಿ ಮುಖ ದುಂಡಗೆ ಊದಿತು, ರಕ್ತದಲ್ಲಿ ಸಕ್ಕರೆ ಏರಿತು, ಪುಡಿ ತಪ್ಪಿದ ದಿನ ನೋವು ಮೊದಲಿಗಿಂತ ಹೆಚ್ಚಾಗಿ ಮರಳಿತು. ಆಗ ಮಗನು ಹಟ ಮಾಡಿ ಹುಬ್ಬಳ್ಳಿಗೆ, ಕೀಲುರೋಗಗಳ ತಜ್ಞ ವೈದ್ಯರ ಬಳಿಗೆ ಕರೆದೊಯ್ದನು.

ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬೇಕೆಂದು ವೈದ್ಯರು ಅನುಮಾನಪಟ್ಟರು. ಸ್ಟೀರಾಯ್ಡ್‌ನ ಕಥೆಯೂ ಪವಾಡದಿಂದಲೇ ಆರಂಭವಾದದ್ದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಇದೇ ಬೇನೆಯಿಂದ ಬಳಲುತ್ತಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಆ ಸಂಶೋಧನೆಗಾಗಿ 1950ರಲ್ಲಿ ಹೆಂಚ್ ಮತ್ತು ಅವರ ಜೊತೆ ಇನ್ನಿಬ್ಬರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ಅದು ಮೂಳೆಯನ್ನು ಟೊಳ್ಳಾಗಿಸುತ್ತದೆ, ಸಕ್ಕರೆಯನ್ನು ಏರಿಸುತ್ತದೆ ಎಂಬುದು ಬೇಗನೆ ತಿಳಿದುಬಂತು. ಬಹುಕಾಲ ಸೇವಿಸಿದ್ದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಇಂದಿಗೂ ವೈದ್ಯರು ಅದನ್ನು ಬಳಸುತ್ತಾರೆ. ಆದರೆ ಅಳತೆಯರಿತು, ಸ್ವಲ್ಪ ಕಾಲಕ್ಕೆ ಮಾತ್ರ. ಏನು ಬೆರೆತಿದೆ ಎಂದು ಗೊತ್ತಿಲ್ಲದ ಪೊಟ್ಟಣದಲ್ಲಿ ಅಳತೆಯೆಲ್ಲಿ ಬಂತು?

ವೈದ್ಯರು ರೋಗದ ಹೆಸರು ಹೇಳಿದರು: ರುಮಟಾಯ್ಡ್ ಆರ್ಥ್ರೈಟಿಸ್. ಕನ್ನಡದಲ್ಲಿ ಸಂಧಿವಾತವೆನ್ನುತ್ತಾರೆ. ವಯಸ್ಸಾದಂತೆ ಮೊಣಕಾಲು ಸವೆದು ಬರುವ ನೋವು ಬೇರೆ, ಇದು ಬೇರೆ. ಸವೆತದ ನೋವು ದುಡಿದಂತೆಲ್ಲ ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ. ಸಂಧಿವಾತದ ಬಿಗಿತವಾದರೋ ವಿಶ್ರಾಂತಿಯ ನಂತರವೇ ಹೆಚ್ಚು; ಬೆಳಗಿನಲ್ಲಿ ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಉಳಿಯುತ್ತದೆ. ಸಾಮಾನ್ಯವಾಗಿ ಎಡಬಲ ಎರಡೂ ಕಡೆ ಸಮನಾಗಿ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್, ಆಂಟಿ-ಸಿಸಿಪಿ ಎಂಬ ಪರೀಕ್ಷೆಗಳನ್ನು ಮಾಡುತ್ತಾರೆ. ಅವೆರಡೂ ಸರಿಯಿದ್ದರೂ ಕೆಲವರಲ್ಲಿ ರೋಗವಿರುತ್ತದೆ. ಆದ್ದರಿಂದ ಬಾತ ಕೀಲನ್ನು ವೈದ್ಯರು ಮುಟ್ಟಿ ನೋಡುವುದೇ ಮುಖ್ಯ.

“ನಾ ಏನ ಪಾಪ ಮಾಡಿದ್ನಿರಿ, ಡಾಕ್ಟರ?” ಎಂದು ಆ ತಾಯಿ ಕೇಳಿದರು. ಪುಡಿ ತಿಂದ ದಿನಗಳಲ್ಲಿಯೂ ಅವರ ಮನಸ್ಸನ್ನು ಕೊರೆಯುತ್ತಿದ್ದುದು ಇದೇ. ವೈದ್ಯರು ನಕ್ಕು, ಬೇಲಿಯೇ ಎದ್ದು ಹೊಲ ಮೇಯುವ ಗಾದೆಯನ್ನು ನೆನಪಿಸಿದರು. ಹೊರಗಿನ ಸೋಂಕಿನಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯು ತನ್ನವರನ್ನೇ ಪರಕೀಯರೆಂದು ತಪ್ಪು ತಿಳಿಯುತ್ತದೆ. ಕೀಲಿನ ಒಳಗಿರುವ ತೆಳುವಾದ ಪೊರೆಯ ಮೇಲೆ ಎರಗುತ್ತದೆ. ಆ ಪೊರೆ ಊದಿ, ದಪ್ಪವಾಗಿ, ಬರಬರುತ್ತ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಕೀಲಿನಲ್ಲಿ ಮಾತ್ರ ನಿಲ್ಲದೆ ಕಣ್ಣು, ಶ್ವಾಸಕೋಶ, ಹೃದಯಗಳನ್ನೂ ತಾಗಬಲ್ಲದು. ಮೈಯೆಲ್ಲ ದಣಿವು, ರಕ್ತಹೀನತೆಗಳೂ ಇದರ ಸಂಗಾತಿಗಳೇ. ವಂಶವಾಹಿಯ ಪಾಲು ಕೆಲವಿದೆ, ಧೂಮಪಾನದಿಂದ ಅಪಾಯ ಹೆಚ್ಚುತ್ತದೆ. ಪಾಪದ ಲೆಕ್ಕ ಇದರಲ್ಲಿ ಇಲ್ಲ. ಈ ಮಾತು ಕೇಳಿದಾಗ ನೋವು ಇಳಿಯದಿದ್ದರೂ ಎದೆಯ ಭಾರ ಇಳಿಯಿತೆಂದು ಆ ತಾಯಿ ಈಗಲೂ ಹೇಳುತ್ತಾರೆ.

ಮದ್ದು ಆರಂಭವಾಯಿತು. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಈ ರೋಗದ ಮೂಲವನ್ನೇ ಹಿಡಿದು ನಿಲ್ಲಿಸುವಂಥದು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮರೆಯಬಾರದೆಂದು ಅವರು ಸೋಮವಾರವನ್ನು ಆರಿಸಿಕೊಂಡರು. ಯಜಮಾನರು ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೆ ಗುರುತು ಹಾಕಿದರು. ಅಡ್ಡ ಪರಿಣಾಮ ತಗ್ಗಲು ಫೋಲಿಕ್ ಆಮ್ಲದ ಮಾತ್ರೆ, ಯಕೃತ್ತು ಹಾಗೂ ರಕ್ತಕಣಗಳ ಮೇಲೆ ಕಣ್ಣಿಡಲು ಆಗಾಗ ರಕ್ತಪರೀಕ್ಷೆ. ಗರ್ಭಿಣಿಯರಿಗೆ ಈ ಮದ್ದು ನಿಷಿದ್ಧ. ಗುಣ ಕಾಣಲು ಹಲವು ವಾರಗಳು ಬೇಕು. ಮೂರು ದಿನದಲ್ಲಿ ನೋವು ಇಳಿದದ್ದನ್ನು ಕಂಡಿದ್ದ ಮನೆಗೆ ಹತ್ತು ವಾರ ಕಾಯುವುದೇ ದೊಡ್ಡ ವ್ರತವಾಯಿತು.

ಕಾದದ್ದು ಫಲಿಸಿತು. ಮರುವರ್ಷ ಅವರು ಮತ್ತೆ ರೊಟ್ಟಿ ಬಡಿದರು. ಆದರೆ 2019ರಲ್ಲಿ ಒಂದು ತಪ್ಪಾಯಿತು. ಮೈ ಹಗುರವಾಗಿದೆ, ಇನ್ನೇಕೆ ಮಾತ್ರೆ ಎಂದು ಯಾರನ್ನೂ ಕೇಳದೆ ಬಿಟ್ಟರು. ಐದು ತಿಂಗಳಲ್ಲಿ ರೋಗ ಮರಳಿತು. ಮದ್ದು ಮತ್ತೆ ಹಿಡಿದದ್ದರಿಂದ ಬೆರಳುಗಳು ಉಳಿದವು. ಬಲಗೈಯ ಮಣಿಕಟ್ಟು ಮಾತ್ರ ಮೊದಲಿನಂತೆ ಬಾಗಲಿಲ್ಲ. ಸವೆದ ಮೂಳೆಯನ್ನು ಯಾವ ಮಾತ್ರೆಯೂ ಮರಳಿ ತರಲಾರದು. ನೋವು ಇಲ್ಲವಾದದ್ದು ಮದ್ದಿನಿಂದಲೇ ಎಂಬುದನ್ನು ಆ ಮಣಿಕಟ್ಟು ದಿನವೂ ನೆನಪಿಸುತ್ತದೆ.

ಆ ದಿನಗಳಲ್ಲಿಯೇ ಅವರಿಗೆ ಇನ್ನೊಂದು ಸಂಕಟ ಎದುರಾಯಿತು. ಬೆಳಗಿನ ಪೂಜೆಗೆ ಕೂತರೆ ಕರಡಿಗೆಯ ಗಂಟು ಬಿಚ್ಚಲು ಬೆರಳು ಬಾರದು. ಬಿಚ್ಚಿದರೂ ಎಡಗೈ ನಡುಗಿ ಲಿಂಗ ಜಾರೀತೆಂಬ ಭಯ. ಒಂದು ವಾರ ಯಾರಿಗೂ ಹೇಳದೆ, ಬಾಗಿಲು ಮುಂದೆ ಮಾಡಿಕೊಂಡು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಎದ್ದು ಬಂದರು. ಮನೆಯ ಹಿರಿಯರಾದ ಅತ್ತೆಗೆ ಇದು ತಿಳಿಯದೆ ಇರಲಿಲ್ಲ.

“ಕೈ ಸೋತರ ಕೈ ಕೊಡಾಕ ನಾವ ಇದ್ದೇವಲ್ಲ, ತಂಗಿ? ಯಾಕ ಮುಚ್ಚಿಡ್ತಿ?” ಎಂದರು ಅತ್ತೆ. ಅನಂತರ ನುಲಿಯ ಚಂದಯ್ಯನವರ ಕಥೆ ಹೇಳಿದರು. ಹಗ್ಗ ಹೊಸೆಯುವ ಕಾಯಕದ ಆ ಶರಣರು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿತು. ಅವರು ಕಾಯಕವನ್ನು ಬಿಡದೆ ಮುನ್ನಡೆದರು. ಲಿಂಗವೇ ಅವರನ್ನು ಹಿಂಬಾಲಿಸಿ ಬಂತೆಂದು ಪರಂಪರೆ ನೆನೆಯುತ್ತದೆ. ಕೈ ನಡುಗಿದ ಮಾತ್ರಕ್ಕೆ ಲಿಂಗ ದೂರವಾಗದು ಎಂಬ ಧೈರ್ಯ ಸೊಸೆಗೆ ಆ ಕಥೆಯಿಂದ ಬಂತು. ಮರುದಿನದಿಂದ ಮುಂಗೈಯ ಕೆಳಗೆ ಮಡಚಿದ ಬಟ್ಟೆಯ ಆಸರೆ, ಗಂಟು ಬಿಚ್ಚಲು ಮಗಳು, ನೀರೆರೆಯಲು ಅತ್ತೆ. ಒಬ್ಬರ ಪೂಜೆ ಮೂವರದಾಯಿತು.

ಕಾಯಕವೂ ರೂಪ ಬದಲಿಸಿತು. ಈಗ ಓಣಿಯ ಮೂವರು ಹೆಣ್ಣುಮಕ್ಕಳು ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಒಳ್ಳೆಯ ಜೋಳ ಆರಿಸುವುದು, ಹಿಟ್ಟಿನ ಹದ ಹೇಳುವುದು, ಲೆಕ್ಕ ಬರೆಯುವುದು ತಾಯಿಯ ಪಾಲು. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದಾರೆ. ಸೌಟಿನ ಹಿಡಿಕೆಗೂ ಹಾಗೆಯೇ. ತುಂಬಿದ ಕೊಡವನ್ನು ಬೆರಳಿನಿಂದ ಎತ್ತುವುದಿಲ್ಲ, ತೋಳಿನಿಂದ ತಬ್ಬಿ ಎತ್ತುತ್ತಾರೆ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಇಟ್ಟು ಬೆರಳುಗಳನ್ನು ಮೆಲ್ಲನೆ ಆಡಿಸುತ್ತಾರೆ. ನೋವು ಕೆರಳಿದ ದಿನ ವಿಶ್ರಾಂತಿ, ತಗ್ಗಿದ ದಿನ ವ್ಯಾಯಾಮ. ಸುಮ್ಮನೆ ಕೂತರೆ ಕೀಲು ಇನ್ನಷ್ಟು ಬಿಗಿಯುತ್ತದೆ, ಮೈ ಬಲಗುಂದುತ್ತದೆ ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ.

ಹನ್ನೆರಡನೆಯ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣನವರೂ ಇದ್ದರು. ರೋಗಕ್ಕೆ ಮದ್ದು ಕೊಡುವುದೇ ಅವರ ಕಾಯಕ. ಹೀಗಿರುವಾಗ ಮದ್ದು ಸೇವಿಸುವುದು ಭಕ್ತಿಯ ಕೊರತೆ ಹೇಗಾದೀತು? ಬೆಳಗಿನ ಬಿಗಿತ, ಕೀಲುಗಳ ಬಾವು ಕೆಲವು ವಾರ ಬಿಡದೆ ಕಾಡಿದರೆ ವಾತವೆಂದು ಸುಮ್ಮನಿರದೆ ತಜ್ಞರನ್ನು ಕಾಣಬೇಕು. ಮೊದಲ ತಿಂಗಳುಗಳಲ್ಲಿ ಹಿಡಿದ ಮದ್ದು ಮುಂದಿನ ವರ್ಷಗಳ ಕೀಲನ್ನು ಉಳಿಸುತ್ತದೆ. ಮನೆಯಲ್ಲಿ ಇಂತಹ ನೋವಿನವರಿದ್ದರೆ, ಹೊರಗೆ ಕಾಣದ ಅವರ ದಣಿವನ್ನು ಸೋಮಾರಿತನವೆನ್ನದೆ, ಕೇಳುವ ಮೊದಲೇ ಒಂದು ಕೈ ನೀಡಬೇಕು. ಅದೂ ದಾಸೋಹವೇ.

ಇಂದೂ ಸೋಮವಾರ ಬೆಳಿಗ್ಗೆ ಆ ಮನೆಯಲ್ಲಿ ಮೊದಲು ಪೂಜೆ, ಅನಂತರ ಉಪಾಹಾರ, ಆಮೇಲೆ ಮಾತ್ರೆ. ಯಜಮಾನರು ಕ್ಯಾಲೆಂಡರಿನ ಗುರುತನ್ನು ಅಳಿಸದೆ ಅದರ ಮೇಲೆ ಇನ್ನೊಂದು ಗೆರೆ ಎಳೆಯುತ್ತಾರೆ. ಅಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ.