ಎಲೆ ಎತ್ತುವ ಸುಖ

ಬಡಿಸಿದವರ ಕೈಗುಣವನ್ನು ಎಲ್ಲರೂ ಹೊಗಳುತ್ತಾರೆ. ಎಂಜಲೆಲೆ ಎತ್ತಿದವರನ್ನು ಯಾರೂ ಕೇಳುವುದಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ನನಗೆ ಹಿಡಿಸಿದ್ದು ಈ ಎರಡನೆಯ ಪಾಳಿ. ಟೆಸ್ಟ್‌ಗಳು ಓಡಿ ಮುಗಿದ ಮೇಲೆ ಉಳಿಯುವ ಫೈಲುಗಳನ್ನು ತೆಗೆಯುವುದೆಂದರೆ ನನಗೆ ಖುಷಿ.

ರಾತ್ರಿಯಿಡೀ ತಾವೇ ಓಡುವ ಟೆಸ್ಟ್‌ಗಳಿಗೆ ಸಂಕೋಚವೆಂಬುದಿಲ್ಲ. ಇಲ್ಲದ ಗಿರಾಕಿಗೆ ಬಿಲ್ಲು ಬರೆಯುತ್ತವೆ, ಪುಟ್ಟ ಡೇಟಾಬೇಸ್ ಕಟ್ಟುತ್ತವೆ, ಬ್ರೌಸರಿಗೆ ಹೊಸ ಪ್ರೊಫೈಲ್ ತೆರೆಯುತ್ತವೆ. ಒಂದೊಂದೂ ಚಿಕ್ಕದೇ. ಆದರೆ ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ದಾಖಲೆ ಬೇಕು. ಇಎಕ್ಸ್‌ಟಿ4 ಡಿಸ್ಕಿನಲ್ಲಿ ಅವು ಎಷ್ಟೆಂಬುದು ಫಾರ್ಮ್ಯಾಟ್ ಮಾಡುವಾಗಲೇ ನಿಗದಿ. ಚಿಲ್ಲರೆ ಫೈಲುಗಳೇ ಅವನ್ನೆಲ್ಲ ನುಂಗಿದರೆ, ಡಿಸ್ಕ್ ಅರ್ಧ ಖಾಲಿ ಇದ್ದರೂ ‘ಜಾಗವಿಲ್ಲ’ ಎಂಬ ಉತ್ತರ ಬರುತ್ತದೆ.

ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹಾರುವಾಗ ಬರೆಯತೊಡಗಿದ ಜೆಯೂನಿಟ್ ಎಂಬ ಟೆಸ್ಟ್ ಸಲಕರಣೆಯಲ್ಲಿ ಈ ಕಸ ತೆಗೆಯಲೊಂದು ಏರ್ಪಾಡಿತ್ತು: ಆರಂಭಕ್ಕೆ ಸೆಟಪ್, ಕೊನೆಗೆ ಟಿಯರ್‌ಡೌನ್. ಸೆಟಪ್ಪೇ ನಡುದಾರಿಯಲ್ಲಿ ಮುಗ್ಗರಿಸಿದರೆ ಮಾತ್ರ ಟಿಯರ್‌ಡೌನ್‌ಗೆ ಕರೆಯೇ ಹೋಗುತ್ತಿರಲಿಲ್ಲ. ಹಾಗಾಗಿ ನನ್ನ ಒಲವು ಗೋ ಭಾಷೆಗೆ 2020ರಲ್ಲಿ ಬಂದ ‘ಕ್ಲೀನಪ್’ ಕಡೆಗೆ. ಫೋಲ್ಡರ್ ಮಾಡಿದ ಮರುಸಾಲಿನಲ್ಲೇ ಅದನ್ನು ಅಳಿಸುವ ಮಾತನ್ನೂ ಬರೆದಿಡುತ್ತೇವೆ. ಕೊನೆಗೆ ಸೇರಿದ್ದು ಮೊದಲು ನಡೆಯುತ್ತದೆ: ಡೇಟಾಬೇಸ್ ಮುಚ್ಚಿ, ಫೈಲ್ ಅಳಿಸಿ, ಆಮೇಲೆ ಫೋಲ್ಡರ್. ಈ ಹಿಮ್ಮುಖ ನಡಿಗೆಯ ಅಚ್ಚುಕಟ್ಟು ನೋಡುವುದೇ ಒಂದು ಸೊಗಸು. ಕ್ರಮ ತಪ್ಪಿದರೂ ಲಿನಕ್ಸ್ ಹೇಗೋ ಸುಧಾರಿಸಿಕೊಳ್ಳುತ್ತದೆ. ತೆರೆದಿರುವ ಫೈಲನ್ನೂ ಅಳಿಸಗೊಡುತ್ತದೆ. ವಿಂಡೋಸ್ ಹಾಗಲ್ಲ. ಯಾರೋ ಬಳಸುತ್ತಿದ್ದಾರೆಂದು ಸಾಮಾನ್ಯವಾಗಿ ಹಟ ಹಿಡಿಯುತ್ತದೆ. ಯಾರೆಂದು ಹುಡುಕಿದರೆ, ಮುಚ್ಚಲು ಮರೆತ ನಮ್ಮದೇ ಕೋಡು!

ಹಾಗೆಂದು ಎಲ್ಲವನ್ನೂ ಗುಡಿಸಿಬಿಡುವುದು ಜಾಣತನವಲ್ಲ. ಪಾಸಾದ ಟೆಸ್ಟಿನ ಫೈಲು ಕಸ, ಫೇಲಾದ ಟೆಸ್ಟಿನದು ಸಾಕ್ಷಿ. ಎಲ್ಲಿ ಎಡವಿತೆಂದು ಹೇಳಬಲ್ಲದ್ದು ಆ ಅರ್ಧ ಬರೆದ ಬಿಲ್ಲೇ. ಟೆಸ್ಟ್ ಓಡಿಸುವ ಸಲಕರಣೆಯಾದ ಪೈಟೆಸ್ಟ್ ಇದನ್ನು ಬಲ್ಲದು. ಬೇರೆ ಹೇಳದಿದ್ದರೆ ಕೊನೆಯ 3 ಓಟಗಳ ತಾತ್ಕಾಲಿಕ ಫೋಲ್ಡರುಗಳನ್ನು ಉಳಿಸಿ ಹಳೆಯವನ್ನು ತೆಗೆಯುತ್ತದೆ. ಫೇಲಾದದ್ದನ್ನಷ್ಟೇ ಇಡು ಎಂದರೆ ಅದನ್ನೂ ಕೇಳುತ್ತದೆ.

ಕರೆಂಟ್ ಹೋದರೆ, ಯಾರಾದರೂ ಪ್ರೊಸೆಸ್ಸನ್ನು ಬಲವಂತವಾಗಿ ಕೊಂದರೆ, ಕೊನೆಯಲ್ಲಿ ಗುಡಿಸುತ್ತೇನೆಂದ ಕೋಡಿಗೆ ಆ ಕೊನೆಯೇ ಸಿಗುವುದಿಲ್ಲ. ಆದ್ದರಿಂದ ಒಳ್ಳೆಯ ಟೆಸ್ಟ್ ಹಿಂದಿನವರ ಕಸ ಇರಬಹುದೆಂದುಕೊಂಡೇ ಕೆಲಸಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಹೊಸ ಹೆಸರಿನ ಫೋಲ್ಡರಿನಲ್ಲಿ ಕೂರುತ್ತದೆ.

ಹೊಸ ಹುಡುಗರು ‘ಟೆಸ್ಟ್ ಪಾಸಾಯ್ತು ಸರ್’ ಎಂದು ಬಂದರೆ ನನ್ನದೊಂದೇ ಮಾತು: ‘ಇನ್ನೊಂದ್ಸಲ ಓಡಿಸಪ್ಪ.’ ಮೊದಲ ಓಟ ಬಿಟ್ಟ ಕಸ ಎರಡನೆಯದರ ಕಾಲಿಗೆ ತೊಡರಿದರೆ ಅಲ್ಲಿಂದ ನಮ್ಮ ಪಾಠ ಶುರು.