ಹದಿನೆಂಟು ಕಚೇರಿ, ಒಂದು ಗೋಪುರ

ಬಿಳಿಚೋಡಿನ ಕಡೆ ಹೊಲದ ಬದುವಿಗೆ ಹುಟ್ಟಿದ ಜಗಳ ಮೊದಲು ಜಗಳೂರಿಗೆ, ಅಲ್ಲಿಂದ ದಾವಣಗೆರೆಗೆ, ಹಟ ಇನ್ನೂ ಉಳಿದಿದ್ದರೆ ಬೆಂಗಳೂರಿಗೆ ಹೋಗುತ್ತದೆ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂದಾಗ ಆಚೆ ಪಕ್ಕದ ಬಳ್ಳಾರಿ, ಹಾವೇರಿಯವರು ಅತ್ತ ತಿರುಗಿದರು. ನಮಗೆ ಬೆಂಗಳೂರೇ ಗತಿ. ಹಾಗಾಗಿ ಲಾಲ್‌ಬಾಗ್ ನೋಡದ ಹಿರಿಯರೂ ನಮ್ಮಲ್ಲಿ ಹೈಕೋರ್ಟಿರುವ ಅಠಾರಾ ಕಚೇರಿಯ ಕಂಬಕ್ಕೆ ಒರಗಿ ಬುತ್ತಿ ಬಿಚ್ಚಿದವರೇ.

ಒರಗಲು ಒಳ್ಳೆಯ ಕಂಬಗಳು. ಮೊದಲು ಸರ್ಕಾರದ ಕಚೇರಿಗಳಿದ್ದದ್ದು ಕೋಟೆಯೊಳಗೆ, ಟಿಪ್ಪುವಿನ ಅರಮನೆಯಲ್ಲಿ. ಅದು ಸಾಲದೆ ಬಂದು 1864ರಲ್ಲಿ ಈ ಕೆಂಪು ಕಟ್ಟಡಕ್ಕೆ ಕೈ ಹಾಕಿದರು, 1868ಕ್ಕೆ ಮುಗಿಯಿತು. ನಕ್ಷೆ ರಿಚರ್ಡ್ ಸ್ಯಾಂಕಿಯದು, ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಸೇರಿದವು. ಗ್ರೀಕ್ ಮಾದರಿಯ ಕಂಬಗಳ ಸಾಲು, ಎರಡು ಅಂತಸ್ತು, ಉದ್ದೋ ಉದ್ದ ಜಗಲಿ. ಬೆಂಗಳೂರಿನ ಬಿಸಿಲಿಗೆ ಈ ಜಗಲಿ ಒಗ್ಗಿದಷ್ಟು ಆಮೇಲೆ ಕಟ್ಟಿದ ಗಾಜಿನ ಗೋಡೆಗಳು ಯಾವುದೂ ಒಗ್ಗಲಿಲ್ಲ. 1956ರಲ್ಲಿ ಸರ್ಕಾರ ಎದುರಿನ ವಿಧಾನಸೌಧಕ್ಕೆ ಹೋಯಿತು, ಕೋರ್ಟು ಉಳಿಯಿತು. ಎಂಬತ್ತರ ದಶಕದಲ್ಲಿ ಇದನ್ನು ಕೆಡವುವ ಮಾತೆದ್ದಾಗ ಜನ ಮೊರೆಹೋದದ್ದು ಹೈಕೋರ್ಟಿಗೆ. ವಿಚಾರಣೆ ನಡೆದದ್ದು ಇದೇ ಕಟ್ಟಡದಲ್ಲಿ! ತನ್ನ ಕೇಸು ತಾನೇ ಕೇಳಿಸಿಕೊಂಡ ಕಟ್ಟಡ ಇನ್ನೊಂದಿದ್ದರೆ ಹೇಳಿ.

ಅಲ್ಲಿಂದ ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲಿಗೆ ನಡೆದೇ ಹೋಗಬಹುದು. ಅದೂ 1860ರ ದಶಕದ್ದೇ. ಗಾಡಿಯ ಗಾಲಿಯಂಥ ನಕ್ಷೆ: ನಡುವೆ ಗುಂಬದ ಜಾಗದಲ್ಲಿ ಕಾವಲು ಗೋಪುರ, ಸುತ್ತ ಅರಗಳ ಹಾಗೆ ಬ್ಯಾರಕ್ಕುಗಳು. ಮೇಲೆ ಒಬ್ಬ ನಿಂತರೆ ಸಾಕು, ಎಲ್ಲರೂ ಅವನ ಕಣ್ಣಳತೆಯಲ್ಲಿ. ಅವನು ನಿಜಕ್ಕೂ ನೋಡುತ್ತಿದ್ದಾನೋ ಇಲ್ಲವೋ ಕೆಳಗಿನವರಿಗೆ ತಿಳಿಯಬಾರದು. ಬೆಂಥಾಮ್ ಎಂಬ ಇಂಗ್ಲಿಷ್ ಪಂಡಿತನ ತಲೆಯಲ್ಲಿ ಹದಿನೆಂಟನೇ ಶತಮಾನದಲ್ಲೇ ಹುಟ್ಟಿದ ಉಪಾಯವಿದು.

ಹೇಳಬಾರದು, ಆದರೂ ಕಟ್ಟಡ ಎಂದು ನೋಡಿದರೆ ಎರಡರಲ್ಲಿ ನೇರವಾದದ್ದು ಜೈಲೇ. ಕೋರ್ಟಿನ ಜಗಲಿಯಲ್ಲಿ ನಮ್ಮ ಹಣೆಬರಹ ಯಾವ ಬಾಗಿಲ ಹಿಂದಿದೆ ಎಂದು ಲಾಯರನ್ನೇ ಕೇಳಬೇಕು. ಜೈಲಿನಲ್ಲಿ ಅಧಿಕಾರ ಅಂಗಳದ ನಡುವೆಯೇ ಎದ್ದು ನಿಂತಿತ್ತು. ನಮ್ಮ ಹೊನ್ನಾಳಿ ಸೀಮೆಯಿಂದ ದೂರವಲ್ಲದ ಈಸೂರಿನ ಐವರು ಸ್ವಾತಂತ್ರ್ಯ ಹೋರಾಟಗಾರರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದ್ದು ಈ ಗೋಡೆಗಳೊಳಗೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಇಲ್ಲೇ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಇದು ಫ್ರೀಡಂ ಪಾರ್ಕ್ ಆಯಿತು. ಗೋಪುರವನ್ನು ಉಳಿಸಿಕೊಂಡದ್ದು ಜಾಣತನ. ಈಗ ಬೆಂಗಳೂರಿನಲ್ಲಿ ಧರಣಿ ಕೂರಲು ಸರ್ಕಾರ ಗೊತ್ತುಮಾಡಿರುವ ಜಾಗ ಇದೊಂದೇ. ಹೈಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅಂಗನವಾಡಿ, ಆಶಾ ಕಾರ್ಯಕರ್ತೆಯರು, ರೈತರು, ಎಲ್ಲರೂ ಕೂಗುವುದು ಹಳೆಯ ಜೈಲಿನ ಆವರಣದಲ್ಲೇ. ನಿಮ್ಮ ಕೇಸು ಬೇಗ ಮುಗಿದು ಬಸ್ಸಿಗೆ ಇನ್ನೂ ಹೊತ್ತಿದ್ದರೆ ಒಮ್ಮೆ ಒಳಗೆ ಹೋಗಿ ಬನ್ನಿ. ಮೆಜೆಸ್ಟಿಕ್ಕಿನ ದಾರಿಯಲ್ಲೇ ಇದೆ.